ಪಿಳ್ಳಮ್ಮ ಜಾಮೀನು ನಿಂತದ್ದು

ಬ್ರೂಕ್‌ಫೀಲ್ಡಿನ ಎತ್ತರದ ಅಪಾರ್ಟ್‌ಮೆಂಟುಗಳ ಹಿಂದೆ, ದೊಡ್ಡನೆಕ್ಕುಂದಿ ಕಡೆಗೆ ಸಾಗುವ ಅಡ್ಡರಸ್ತೆಯಲ್ಲಿ ಪಿಳ್ಳಮ್ಮನ ಮನೆಯಿದೆ. ಕೆಳಗೆ ಅವಳ ಸಂಸಾರ. ಪಕ್ಕದ ಜಾಗದಲ್ಲಿ ಒಂದೇ ಸಾಲಿಗೆ ಕಟ್ಟಿಸಿದ ಶೀಟಿನ ರೂಮುಗಳು. ಅವುಗಳ ತುಂಬ ಸಿಂದಗಿ, ಸುರಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮಹಡಿಯ ಮೇಲೆ ಒಂದೇ ಒಂದು ಒಳ್ಳೆಯ ರೂಮು, ಅದರ ಮುಂದೆ ಬಿಸಿಲು ಬೀಳುವ ತಾರಸಿ. ಅವಳ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಉಳಿದ ತುಂಡು ಅದು, ಅವಳ ಹೆಸರಿನಲ್ಲೇ ಇತ್ತು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮಗ ಲೋಕೇಶ್ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಸೊಸೆ ಯಮುನಾ ಮನೆ ನೋಡಿಕೊಳ್ಳುತ್ತಿದ್ದಳು. ಪಿಳ್ಳಮ್ಮ ಬಾಡಿಗೆಯವರನ್ನು ನೋಡಿಕೊಳ್ಳುತ್ತಿದ್ದಳು. ನಲ್ಲಿ ಬಿಟ್ಟು ಹೋದವರಿಗೆ ಅವಳ ಬೈಗುಳ ಬೀದಿಯ ಕೊನೆವರೆಗೂ ಕೇಳುತ್ತಿತ್ತು.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಈ ಹೆಂಗಸಿಗೆ ಅರವತ್ತೆಂಟನೇ ವಯಸ್ಸಿನಲ್ಲಿ ಅಮೆರಿಕದ ರಾಜಕೀಯದ ಹುಚ್ಚು ಹತ್ತಿದ್ದು ಸಂಡಿಗೆಯ ದೆಸೆಯಿಂದ.

ಅದು ಎರಡು ಸಾವಿರದ ಇಪ್ಪತ್ತಮೂರರ ಬೇಸಿಗೆ. ಮಹಡಿಯ ರೂಮಿಗೆ ತಿಪಟೂರಿನ ಕಡೆಯ ರಕ್ಷಿತಾ ಎಂಬ ಹುಡುಗಿ ಹೊಸದಾಗಿ ಬಂದಿದ್ದಳು. ಮನೆಯಿಂದಲೇ ಕೆಲಸ. ಅಮೆರಿಕದ ಊರೂರಿನ ಸಭೆಗಳು, ರೇಡಿಯೋ ಚರ್ಚೆಗಳು ರೆಕಾರ್ಡಾಗಿ ಅವಳ ಕಂಪನಿಗೆ ಬರುತ್ತಿದ್ದವು. ಅಲ್ಲಿ ಆಡಿದ ಮಾತನ್ನು ಕಂಪ್ಯೂಟರೇ ಅಕ್ಷರಕ್ಕೆ ಇಳಿಸುತ್ತಿತ್ತು. ಅದು ತಪ್ಪಾಗಿ ಕೇಳಿಸಿಕೊಂಡದ್ದನ್ನು ತಿದ್ದುವುದು ರಕ್ಷಿತಾಳ ಕೆಲಸ. ಹೆಡ್‌ಫೋನು ಹಾಕಿ ಹಾಕಿ ಕಿವಿ ನೋವು ಬಂದು, ಅವಳು ಬಾಗಿಲು ತೆರೆದಿಟ್ಟು ಸ್ಪೀಕರಿನಲ್ಲೇ ಕೇಳುತ್ತಿದ್ದಳು. ತಾರಸಿಯಲ್ಲಿ ಸಂಡಿಗೆಗೆ ಕಾಗೆ ಕಾಯುತ್ತ ಕೂತಿದ್ದ ಪಿಳ್ಳಮ್ಮನಿಗೆ ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ.

"ಯಾಕ್ ಮಗಾ ಆವಮ್ಮ ಅಂಗ್ ಕಿರುಚ್ಕಂತಾವ್ಳೆ? ಮನೇಲಿ ಯಾರಾರ ಓಗ್ಬುಟ್ರಾ?"

ರಕ್ಷಿತಾ ನಕ್ಕಳು. "ಇಲ್ಲ ಅಜ್ಜಿ, ಸ್ಕೂಲ್ ಮೀಟಿಂಗು. ಒಹಾಯೋ ಅಂತ ಒಂದು ರಾಜ್ಯ. ಅಲ್ಲಿ ಊರಿನ ಮನೆಗಳ ಕಂದಾಯದಿಂದ್ಲೇ ಸ್ಕೂಲಿಗೆ ಎಷ್ಟೋ ದುಡ್ಡು ಬರೋದು. ಕಂದಾಯ ಸ್ವಲ್ಪ ಜಾಸ್ತಿ ಮಾಡ್ಲಾ ಬೇಡ್ವಾ ಅಂತ ಊರೋರೇ ಓಟ್ ಹಾಕ್ಬೇಕು. ಆವಮ್ಮ ಜಾಸ್ತಿ ಮಾಡಿ ಅಂತಿದಾಳೆ."

"ಓಹೋಯ್ ಅಂತ್ಲೇ ರಾಜ್ಯದ ಎಸ್ರು? ದನ ಕರ್ದಂಗೈತಲ್ಲ." ಪಿಳ್ಳಮ್ಮ ಒಂದು ಕ್ಷಣ ಯೋಚಿಸಿದಳು. "ಅಂಗಾರೆ ದೊಡ್ ದೊಡ್ ಮನೆ ಇರೋ ಊರಲ್ಲಿ ಇಸ್ಕೂಲೂ ದೊಡ್ದು, ಶೀಟಿನ ಮನೆ ಇರೋ ಊರಲ್ಲಿ ಇಸ್ಕೂಲೂ ಶೀಟಿಂದು?"

"ಬಹಳ ಕಡೆ ಹಂಗೇ ಅಜ್ಜಿ. ಅದಕ್ಕೇ ಜಗಳ."

"ಇದ್ಯಾವ ಸೀಮೆ ನ್ಯಾಯ! ಕೂಸು ಏನು ಕಂದಾಯದ ರಸೀತಿ ನೋಡ್ಕಂಡು ಉಟ್ತದಾ?"

ಸಂಡಿಗೆ ಒಣಗಿ ಡಬ್ಬ ಸೇರಿದ ಮೇಲೂ ಪಿಳ್ಳಮ್ಮ ಮೇಲೆ ಹತ್ತುವುದನ್ನು ಬಿಡಲಿಲ್ಲ. ಮೊಣಕಾಲು ಹಿಡಿದುಕೊಂಡು, ಮೆಟ್ಟಿಲು ಮೆಟ್ಟಿಲಿಗೂ "ಅಪ್ಪಾ" ಎನ್ನುತ್ತ ಹತ್ತಿ ಬರುವಳು. ಬರುವಾಗ ಕೈಯಲ್ಲಿ ಕಡಲೆಪುರಿಯೋ ಸೀಬೆಕಾಯೋ ಇರುತ್ತಿತ್ತು. ರಕ್ಷಿತಾ ಕೆಲಸದ ನಡುವೆ ಬಿಡುವು ಮಾಡಿಕೊಂಡು ಅಂದಿನ ಜಗಳವನ್ನು ಕನ್ನಡದಲ್ಲಿ ಹೇಳುವಳು. ಒಂಟಿಯಾಗಿ ಊಟ ಮಾಡುತ್ತಿದ್ದ ಹುಡುಗಿಗೂ ಅದು ಬೇಕಾಗಿತ್ತು.

ಎಲ್ಲಕ್ಕಿಂತ ಪಿಳ್ಳಮ್ಮನಿಗೆ ಹಿಡಿಸಿದ್ದು ಅದೇ ಒಹಾಯೋದ ಒಂದು ಸಣ್ಣ ಊರಿನ ರೇಡಿಯೋದಲ್ಲಿ ವಾರಕ್ಕೊಮ್ಮೆ ಮಾತಾಡುತ್ತಿದ್ದ ಒಬ್ಬ ನಿವೃತ್ತ ಶಿಕ್ಷಕಿ. ನಿಧಾನವಾದ, ತುಂಬಿದ ದನಿ. ಅವಳಿಗೆ ಪಿಳ್ಳಮ್ಮ ಇಟ್ಟ ಹೆಸರು ಟೀಚರಮ್ಮ. ಬಡವರ ಬೀದಿಯ ಶಾಲೆಗೂ ರಾಜ್ಯವೇ ಸಮನಾಗಿ ಹಣ ಕೊಡಬೇಕು, ಜೈಲು ಕಟ್ಟುವ ಹಣದಲ್ಲಿ ಮೇಷ್ಟರನ್ನು ಇಡಬೇಕು ಎನ್ನುವುದು ಟೀಚರಮ್ಮನ ವಾದ. ಅವಳ ಎದುರು ವಾದಕ್ಕೆ ಗಂಟಲು ಕಟ್ಟಿದ ದನಿಯ ಒಬ್ಬ ಗಂಡಸು ಬರುತ್ತಿದ್ದ. ಕಂದಾಯ ಹೀಗೆ ಏರಿಸುತ್ತ ಹೋದರೆ ಪಿಂಚಣಿಯಲ್ಲಿ ಬದುಕುವ ಮುದುಕರು ಮನೆ ಮಾರಬೇಕಾಗುತ್ತದೆ ಎಂದು ಅವನು ಹೇಳಿದ್ದನ್ನು ಕೇಳಿ, ಸ್ವತಃ ಮನೆ ಕಂದಾಯ ಕಟ್ಟುವ ಪಿಳ್ಳಮ್ಮ, "ಅದೂ ದಿಟವೇಯ, ಅವ್ನೇನ್ ಸುಳ್ ಯೋಳ್ತಿಲ್ಲ" ಎಂದಳು. ಆದರೂ ಅವಳ ಓಟು ಟೀಚರಮ್ಮನ ಕಡೆಗೇ.

ಒಂದು ದಿನ ಟೀಚರಮ್ಮ ತನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಸಂಗತಿ ಹೇಳಿದಳು. ಅಂಗಡಿಯಲ್ಲಿ ಮಗುವಿನ ಹಾಲಿನ ಪುಡಿ ಕದ್ದಳೆಂದು ಅವಳನ್ನು ಹಿಡಿದರಂತೆ. ಜಾಮೀನಿನ ಹಣ ಕಟ್ಟಲಾಗದೆ ವಾರಗಟ್ಟಲೆ ಜೈಲಿನಲ್ಲಿದ್ದಳಂತೆ. ಅಷ್ಟರಲ್ಲಿ ಕೆಲಸ ಹೋಯಿತು, ಬಾಡಿಗೆ ಮನೆ ಹೋಯಿತು. ಆಮೇಲೆ ಕೇಸೇ ಬಿದ್ದುಹೋಯಿತಂತೆ.

"ತಪ್ಪು ಮಾಡವ್ಳೆ ಅಂತ ಜಡ್ಜು ಯೋಳಿದ್ರಾ?" ಪಿಳ್ಳಮ್ಮ ಕೇಳಿದಳು.

"ಇಲ್ಲ ಅಜ್ಜಿ. ಕೇಸು ಶುರುನೇ ಆಗಿರ್ಲಿಲ್ಲ."

"ಮತ್ತೆ ಒಳಗ್ಯಾಕಿಟ್ರು?"

"ದುಡ್ಡಿರ್ಲಿಲ್ವಲ್ಲ."

ಪಿಳ್ಳಮ್ಮ ಕಡಲೆಪುರಿಯ ಕೈಯನ್ನು ಕೊಡವಿದಳು. "ಅಂಗಾರೆ ಕದ್ದಿರೋ ಸಾವ್ಕಾರ ಮನೇಲಿ ಮಲಗ್ತಾನೆ, ಕದೀದಿರೋ ಬಡವಿ ಜೈಲಲ್ಲಿ ಮಲಗ್ತಾಳೆ. ಥೂ ಅವರ..."

ಅಂದು ಊಟಕ್ಕೆ ಕೂತಾಗ ಇದನ್ನೇ ಮಗನ ಮುಂದೆ ಹೇಳಿದಳು. ಲೋಕೇಶನಿಗೆ ರೇಗಿತು. ಹಿಂದಿನ ವರ್ಷವೇ ಅವನ ಟ್ಯಾಂಕರಿನ ಬ್ಯಾಟರಿಯನ್ನು ಯಾರೋ ಎರಡು ಸಲ ಬಿಚ್ಚಿಕೊಂಡು ಹೋಗಿದ್ದರು.

"ಕಳ್ರಿಗೆ ಕನಿಕರ ತೋರ್ಸಿದ್ರೆ ಯಾವ ದೇಶನೂ ಉದ್ಧಾರ ಆಗಲ್ಲಮ್ಮ. ನನ್ ಬ್ಯಾಟ್ರಿ ತಗೊಂಡೋದೋನಿಗೂ ನಿಮ್ ಟೀಚರಮ್ಮ ಸನ್ಮಾನ ಮಾಡ್ತಾರಾ?"

"ಅವ್ನು ಸಿಕ್ರೆ ನಾನೇ ಎರಡು ಬಾರಿಸ್ತೀನಿ. ಸಿಕ್ಕೋನು ಅವ್ನೇನಾ ಅಂತ ಮೊದ್ಲು ನೋಡ್ಬೇಕೋ ಬ್ಯಾಡ್ವೋ?"

"ನಮ್ ಬೀದಿ ಮೋರಿ ಕ್ಲೀನಾಗಿ ಮೂರ್ ತಿಂಗ್ಳಾಯ್ತು, ನೀನು ಅಮೆರಿಕಾ ಜೈಲು ಕ್ಲೀನ್ ಮಾಡಕ್ ಹೊಂಟಿದೀಯ."

"ಮೋರಿ ವಿಷ್ಯನೂ ಮಾತಾಡ್ತೀನಿ ಬಾರಪ್ಪ, ನೀನ್ ಕಿವಿ ಕೊಡ್ತೀಯಾ?"

ಯಮುನಾ ಸಾರು ಬಡಿಸುವ ನೆವದಲ್ಲಿ ಮುಖ ತಿರುಗಿಸಿ ನಕ್ಕಳು. ಅಷ್ಟರಲ್ಲಾಗಲೇ ಹಾಲಿನ ಬೂತಿನಲ್ಲಿ, ಸೊಪ್ಪಿನ ಗಾಡಿಯ ಮುಂದೆ, ಎಲ್ಲೆಲ್ಲೂ ಅವಳಿಗೆ 'ಅಮೆರಿಕಾ ಪಿಳ್ಳಮ್ಮ' ಎಂಬ ಹೆಸರು ಬಿದ್ದಿತ್ತು. ಸೊಪ್ಪಿನವನು, "ಏನಜ್ಜಿ, ಈ ಸಲ ಅಲ್ಲಿ ಯಾರು ಗೆಲ್ತಾರೆ?" ಎಂದು ಕೇಳಿದರೆ, ಅವಳು ಗಂಭೀರವಾಗಿಯೇ ಉತ್ತರ ಕೊಟ್ಟು, ಮಾತಿನ ಸಂಭ್ರಮದಲ್ಲಿ ಚೌಕಾಸಿ ಮಾಡುವುದನ್ನೇ ಮರೆಯುತ್ತಿದ್ದಳು. ಸೊಪ್ಪಿನವನಿಗೆ ಅದು ತಿಳಿದಿತ್ತು.

ದಸರಾ ಕಳೆದ ಮೇಲಿನ ಮಾತು. ಮೂರನೇ ರೂಮಿನಲ್ಲಿ ಸಿಂದಗಿ ಕಡೆಯ ಯಮನಪ್ಪ, ಅವನ ಹೆಂಡತಿ ಚನ್ನಕ್ಕ ಇದ್ದರು. ಅವನು ಕಂಬಿ ಕಟ್ಟುವ ಕೆಲಸ ಮಾಡುತ್ತಿದ್ದ, ಅವಳು ಎರಡು ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ. ಒಂದು ಬೆಳಿಗ್ಗೆ ಚನ್ನಕ್ಕ ಏದುಸಿರು ಬಿಡುತ್ತ ಅಂಗಳಕ್ಕೆ ಓಡಿ ಬಂದಳು.

"ಯವ್ವಾ, ನಮ್ಮವರನ್ನ ಪೊಲೀಸರು ಒಯ್ದ್ರು! ಸೈಟಿನ್ಯಾಗ ತಾಮ್ರದ ವೈರ್ ಕಳುವಾಗೇತಂತ. ಇವರು ಚೀಲ ಹೊತ್ಕೊಂಡು ಹೊಂಟಿದ್ದು ನೋಡೀನಿ ಅಂತ ವಾಚ್‌ಮನ್ ಹೇಳ್ಯಾನ. ಅದು ಊರಿಂದ ತಂದ ಜ್ವಾಳದ ಚೀಲ ರೀ ಯವ್ವಾ!"

ಪಿಳ್ಳಮ್ಮ ಅವಳನ್ನು ಕೂರಿಸಿ ನೀರು ಕೊಟ್ಟಳು. ಆಮೇಲೆ ಮಾಡಿದ ಮೊದಲ ಕೆಲಸವೆಂದರೆ ಮೂರನೇ ರೂಮಿಗೆ ಹೋಗಿ ಮಂಚದ ಕೆಳಗೆ ಬಗ್ಗಿ ನೋಡಿದ್ದು. ಜೋಳದ ಚೀಲ ಇತ್ತು. ಅದರ ಬಾಯಿ ಬಿಚ್ಚಿ ಮೊಣಕೈವರೆಗೂ ಕೈ ಹಾಕಿದಳು. ಜೋಳವೇ. ಕೈ ಕೊಡವಿಕೊಂಡು ಹೊರಗೆ ಬಂದಳು, ಚನ್ನಕ್ಕನಿಗೆ ಏನೂ ಹೇಳಲಿಲ್ಲ.

ರಕ್ಷಿತಾ ಫೋನಿನಲ್ಲಿ ಹುಡುಕಿ, ಬಡವರಿಗೆ ಉಚಿತವಾಗಿ ವಕೀಲರನ್ನು ಕೊಡುವ ಸರ್ಕಾರದ ಕಾನೂನು ನೆರವಿನ ಕಚೇರಿಗೆ ಚನ್ನಕ್ಕನನ್ನು ಕರೆದುಕೊಂಡು ಹೋದಳು. ಅಲ್ಲಿ ಸಿದ್ದಾರ್ಥ್ ಎಂಬ ಕಿರಿಯ ವಕೀಲ ಕೇಸು ಹಿಡಿದ. ಕೆಲವೇ ದಿನಕ್ಕೆ ಜಾಮೀನೂ ಮಂಜೂರಾಯಿತು. ಬೀದಿಯವರೆಲ್ಲ ಮುಗಿಯಿತೆಂದುಕೊಂಡರು. ಪಿಳ್ಳಮ್ಮನೂ ಹಾಗೇ ತಿಳಿದು, ಅವನು ಕಾಣದಿದ್ದರೂ ಬೇರೆ ಸೈಟಿನಲ್ಲಿರಬೇಕೆಂದುಕೊಂಡು ತನ್ನ ಪಾಡಿಗೆ ತಾನಿದ್ದಳು.

ಒಂದೆರಡು ವಾರ ಕಳೆದು ಒಂದು ಮಧ್ಯಾಹ್ನ ಅವಳು ಮೇಲೆ ಬಂದಾಗ ಸ್ಪೀಕರು ಸುಮ್ಮನಿತ್ತು.

"ಯಾಕ್ ಮಗಾ, ಇವತ್ತು ಜಗಳ ಇಲ್ವಾ?"

ರಕ್ಷಿತಾ ಕುರ್ಚಿ ತಿರುಗಿಸಿದಳು. "ಅಜ್ಜಿ, ಒಬ್ಬರಿಗೆ ಜಾಮೀನು ಸಿಕ್ಕಿದೆ. ಆದ್ರೆ ಇನ್ನೂ ಒಳಗೇ ಇದಾರೆ. ಅವರ ಪರವಾಗಿ ಸಹಿ ಹಾಕೋಕೆ ಇಲ್ಲಿ ಆಸ್ತಿ ಇರೋರು ಒಬ್ರು ಬೇಕಂತೆ. ಅಂಥೋರು ಯಾರೂ ಸಿಕ್ತಿಲ್ಲ."

"ಅಯ್ಯೋ ಪಾಪವೇ. ಓಹೋಯ್ ಕಡೆಯೋರಾ?"

"ಅಲ್ಲ ಅಜ್ಜಿ. ನಮ್ಮ ಮೂರನೇ ರೂಮಿನೋರು."

ಪಿಳ್ಳಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. ತಾರಸಿಯಿಂದ ಕೆಳಗೆ ನೋಡಿದಳು. ಚನ್ನಕ್ಕ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಯಮನಪ್ಪನನ್ನು ಕೆಲಸಕ್ಕಿಟ್ಟಿದ್ದ ಮೇಸ್ತ್ರಿ ಅವಳ ಫೋನು ಎತ್ತುತ್ತಿರಲಿಲ್ಲ. ಮನೆಗೆಲಸ ಕೊಟ್ಟ ಎರಡು ಮನೆಯವರಲ್ಲಿ ಒಬ್ಬರು ಕೆಲಸವನ್ನೇ ಬಿಡಿಸಿದ್ದರು. ಪಿಳ್ಳಮ್ಮನನ್ನು ಕೇಳುವ ಧೈರ್ಯ ಚನ್ನಕ್ಕನಿಗೆ ಬಂದಿರಲಿಲ್ಲ. ಮನೆಯೊಡತಿ ರೂಮು ಖಾಲಿ ಮಾಡು ಎನ್ನದಿದ್ದರೆ ಸಾಕೆಂದು ಅವಳು ಇದ್ದಳು.

"ಅವ್ನು ಓಡೋದ್ರೆ?" ಪಿಳ್ಳಮ್ಮ ಕೇಳಿದಳು.

"ಆಗ ನೀವು ದಂಡ ಕಟ್ಬೇಕು ಅಜ್ಜಿ. ನಾನು ಸುಳ್ಳು ಹೇಳಲ್ಲ."

ಪಿಳ್ಳಮ್ಮ ಎರಡು ದಿನ ಮೇಲೆ ಹೋಗಲಿಲ್ಲ. ಅಂಗಳದಲ್ಲಿ ಕೂತು ಅವರೆಕಾಯಿ ಬಿಡಿಸಿದಳು. ಯಮುನಾ ಎದುರಿಗೆ ಕೂತು ತಾನೂ ಬಿಡಿಸಿದಳು. ಅಮೆರಿಕದ ಬಗ್ಗೆ ಮಾತಾಡುವುದು ಸುಲಭ, ಅಲ್ಲಿಗೆ ಮನೆ ಪತ್ರ ತೆಗೆದುಕೊಂಡು ಹೋಗಬೇಕಾಗಿಲ್ಲ ಎಂದು ಪಿಳ್ಳಮ್ಮನಿಗೆ ಅನ್ನಿಸಿತು. ಅನ್ನಿಸಿದ್ದನ್ನು ಸೊಸೆಗೂ ಹೇಳಿದಳು.

"ನಿಮ್ಗೆ ಭಯ ಆಗ್ತಿದ್ರೆ ಬಿಡಿ ಅತ್ತೆ," ಎಂದಳು ಯಮುನಾ. "ಆದ್ರೆ ಆಮೇಲೆ ಟೀಚರಮ್ಮನ ಮಾತು ಕೇಳಕ್ ಹೋದ್ರೆ ನಿಮ್ಗೆ ರುಚಿಸಲ್ಲ, ಅಷ್ಟೇ."

ಮೂರನೇ ದಿನ ಪಿಳ್ಳಮ್ಮ ಬೀರುವಿನಿಂದ ಪತ್ರ ತೆಗೆಯುವಾಗ ಲೋಕೇಶ್ ಬಾಗಿಲಿಗೆ ಅಡ್ಡ ನಿಂತ.

"ಅಮ್ಮ, ಊರಿಲ್ಲ ಕೇರಿ ಇಲ್ಲ. ನಾಳೆ ಬಸ್ ಹತ್ತಿದ್ರೆ ಎಲ್ಲಿ ಹುಡುಕ್ತೀಯಾ ಅವ್ನನ್ನ?"

"ಊರು ಇಲ್ದೆ ಆಕಾಶದಿಂದ ಉದುರುದ್ನೇನೋ? ಸಿಂದಗಿ ಐತೆ. ನಾನ್ ಓಗಿ ಉಡುಕ್ತೀನಿ. ದಾರಿ ಬುಡು."

"ಅವ್ನು ಕದ್ದಿದ್ರೆ?"

"ಕದ್ದಿದ್ರೆ ಜೈಲಿಗೆ ಕಳಿಸ್ಲಿ. ಕದ್ದವ್ನೆ ಅಂತ ಇನ್ನೂ ಯಾರ್ ಯೋಳವ್ರೆ?"

ಲೋಕೇಶ್ ದಾರಿ ಬಿಟ್ಟ. ಆದರೆ ಎರಡು ದಿನ ತಾಯಿಯೊಂದಿಗೆ ಮಾತು ಬಿಟ್ಟ.

ಕೋರ್ಟಿಗೆ ಪಿಳ್ಳಮ್ಮ ಮದುವೆಗೆ ಹೋಗುವಂತೆ ರೇಷ್ಮೆ ಸೀರೆ ಉಟ್ಟು ಹೋದಳು. ಜೊತೆಗೆ ಚನ್ನಕ್ಕ, ರಜೆ ಹಾಕಿದ ರಕ್ಷಿತಾ. ಗೇಟಿನ ಹತ್ತಿರ ಒಬ್ಬ ಮನುಷ್ಯ ಹತ್ತಿರ ಸರಿದು, ತಾನೇ ಜಾಮೀನು ಕೊಡಿಸುತ್ತೇನೆ, ಇಂತಿಷ್ಟಾಗುತ್ತದೆ ಎಂದು ಪಿಸುಗುಟ್ಟಿದ. ಪಿಳ್ಳಮ್ಮ ಅವನನ್ನು ನಲ್ಲಿ ಬಿಟ್ಟು ಹೋದ ಬಾಡಿಗೆಯವನನ್ನು ನೋಡುವ ಹಾಗೆ ನೋಡಿದಳು. ಅವನು ಬೇರೆ ಕಡೆ ಹೋದ.

ಕರೆ ಬಂದಾಗ ಸಿದ್ದಾರ್ಥ್ ಅವಳನ್ನು ಮುಂದೆ ನಿಲ್ಲಿಸಿದ. ಪೀಠದಲ್ಲಿದ್ದವರು ಕನ್ನಡಕ ಹಾಕಿದ ನಡುವಯಸ್ಸಿನ ಹೆಂಗಸು. ಪತ್ರಗಳನ್ನು ತಿರುವಿ ನೋಡಿ ಕೇಳಿದರು.

"ಇವರು ನಿಮಗೆ ಏನಾಗ್ಬೇಕಮ್ಮ?"

"ಏನೂ ಆಗ್ಬೇಕಿಲ್ಲ ತಾಯಿ. ನಮ್ ಬಾಡಿಗೆಯೋರು."

"ನಿಮ್ಗೆ ಯಾರಾದ್ರೂ ದುಡ್ಡು ಕೊಟ್ಟು ಕರ್ಕೊಂಡು ಬಂದಿದಾರಾ?"

"ದುಡ್ಡಾ? ಬಂದ್ರೆ ಮಾತಾಡ್ಸಲ್ಲ ಅಂತ ನನ್ ಮಗ ಮುನಿಸ್ಕಂಡು ಕೂತವ್ನೆ!"

ಕೋರ್ಟಿನಲ್ಲಿ ಸಣ್ಣಗೆ ನಗು ಎದ್ದಿತು. ನ್ಯಾಯಾಧೀಶೆ ಪೆನ್ನು ಮೇಜಿನ ಮೇಲಿಟ್ಟರು. "ಕೇಸು ಏನು ಅಂತ ಗೊತ್ತಾ ನಿಮ್ಗೆ?"

"ಗೊತ್ತು. ವೈರು ಕದ್ದ ಅಂತ. ಕದ್ನೋ ಇಲ್ವೋ ನಂಗೊತ್ತಿಲ್ಲ ತಾಯಿ, ಅದನ್ನ ನೀವು ಯೋಳ್ಬೇಕು. ನೀವು ಕರ್ದಾಗ ಬತ್ತಾನೆ. ಅಷ್ಟಕ್ಕೆ ನಾನು."

ನ್ಯಾಯಾಧೀಶೆ ಮತ್ತೆ ಪೆನ್ನು ಎತ್ತಿಕೊಂಡರು. "ಜಾಮೀನು ಅಂದ್ರೆ ಅಷ್ಟೇ ಅಮ್ಮ," ಎಂದು ಸಹಿ ಹಾಕಿದರು. ಪಿಳ್ಳಮ್ಮನೂ ಹಾಕಿದಳು. ಮೂರನೇ ಕ್ಲಾಸಿನ ದುಂಡಗಿನ ಅಕ್ಷರ, 'ಪಿ'ಗೆ ಗುಡಿಸು ದೊಡ್ಡದಾಗಿಯೇ ಬಿತ್ತು.

ಯಮನಪ್ಪ ಜೈಲಿನಿಂದ ಹೊರಬರುವ ದಿನ ಪರಪ್ಪನ ಅಗ್ರಹಾರದವರೆಗೆ ಮೂರು ಬಸ್ಸು ಬದಲಾಯಿಸಬೇಕಿತ್ತು. ಚನ್ನಕ್ಕ ಹೊರಟು ನಿಂತಾಗ ಲೋಕೇಶ್ ತನ್ನ ಹಳೇ ಕಾರು ತೆಗೆದ. ಯಾರೂ ಕೇಳಿರಲಿಲ್ಲ. ಜೈಲಿನ ಮುಂದೆ ಕಾರಿಗೆ ಒರಗಿ ನಿಂತ. ಗೇಟಿನಿಂದ ಪ್ಲಾಸ್ಟಿಕ್ ಕವರು ಹಿಡಿದು ಹೊರಬಂದ ಯಮನಪ್ಪ ಅವನನ್ನು ಕಂಡು ಹೆದರಿ ಅಲ್ಲೇ ನಿಂತುಬಿಟ್ಟ.

"ತಿಂಡಿ ಆಯ್ತಾ?" ಎಂದ ಲೋಕೇಶ್.

"ಇಲ್ರೀ ಅಣ್ಣಾರ."

"ಹತ್ತು. ಇಲ್ಲೇ ಮುಂದೆ ಒಂದು ಹೋಟ್ಲಿದೆ, ಇಡ್ಲಿ ಚೆನ್ನಾಗಿರತ್ತೆ."

ಅಲ್ಲಿಂದ ಯಮನಪ್ಪ ಕರೆದಾಗಲೆಲ್ಲ ಕೋರ್ಟಿಗೆ ಹೋದ. ಕೂಲಿ ಬಿಟ್ಟು ಹೋದ, ಜ್ವರದಲ್ಲೂ ಹೋದ. ಆದರೆ ಮುಂದಿನ ವರ್ಷದ ಮದುವೆ ಕಾಲದಲ್ಲಿ ತಂಗಿಯ ಲಗ್ನಕ್ಕೆಂದು ಚನ್ನಕ್ಕನ ಜೊತೆ ಊರಿಗೆ ಹೋದವನು ಕೋರ್ಟಿನ ವಾಯಿದೆಯ ಹಿಂದಿನ ದಿನದವರೆಗೂ ವಾಪಸಾಗಲಿಲ್ಲ. ಫೋನು ಸ್ವಿಚ್ ಆಫ್. ಚನ್ನಕ್ಕನದೂ ಹತ್ತುತ್ತಿರಲಿಲ್ಲ. ಲೋಕೇಶ್ ಏನೂ ಅನ್ನಲಿಲ್ಲ; ಅನ್ನದೇ ಇದ್ದದ್ದೇ ಪಿಳ್ಳಮ್ಮನಿಗೆ ಹೆಚ್ಚು ಚುಚ್ಚಿತು. ಬೆಳಗಾಗೆದ್ದು ರಕ್ಷಿತಾಳನ್ನು ಎಬ್ಬಿಸಿ ಕೋರ್ಟಿಗೆ ಹೊರಟಳು. ಮೆಟ್ರೋದಲ್ಲಿ ಕೂತು, ಸಿಂದಗಿಗೆ ಯಾವ ರೈಲು ಹೋಗುತ್ತದೆ, ಅಲ್ಲಿಯವರಿಗೆ ತನ್ನ ಕನ್ನಡ ತಿಳಿದೀತೇ ಎಂದೆಲ್ಲ ವಿಚಾರಿಸಿದಳು.

ಕೋರ್ಟಿನ ಮೊಗಸಾಲೆಯ ಬೆಂಚಿನ ಮೇಲೆ ಯಮನಪ್ಪ ಚೀಲಕ್ಕೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ಕೆನ್ನೆಯಲ್ಲಿ ಮದುವೆಯ ಅರಿಶಿನ ಇನ್ನೂ ಹೋಗಿರಲಿಲ್ಲ. ಬಸ್ಸಿಳಿದವನೇ ನೇರ ಇಲ್ಲಿಗೆ ಬಂದಿದ್ದ.

"ಯಾಕ್ಲಾ ಫೋನ್ ಎತ್ತಲಿಲ್ಲ?" ಪಿಳ್ಳಮ್ಮ ಅವನ ಭುಜ ಅಲುಗಾಡಿಸಿದಳು. "ನನ್ ಜೀವ ಬಾಯಿಗ್ ಬಂದಿತ್ತು ಕಣ್ಲಾ!"

ಯಮನಪ್ಪ ಗಾಬರಿಯಿಂದ ಎದ್ದು ಕೂತ. "ಫೋನು ಲಗ್ನದ ಸುರಗಿ ಸ್ನಾನದ ನೀರಾಗ ಬಿತ್ರೀ ಯವ್ವಾ. ಆಕೀದು ಚಾರ್ಜರ್ ಇಲ್ಲೇ ಬಿಟ್ಟು ಹೋಗಿದ್ವಿ. ತಾರೀಖು ಮರ್ತಿಲ್ರೀ ನಾ. ನಿಮ್ಗ ಶೇಂಗಾ ಹೋಳಿಗಿ ತಂದೀನಿ."

ಪಿಳ್ಳಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ಹೋಳಿಗೆ ತಿಂದಳು. ರಕ್ಷಿತಾಳ ಫೋನು ಅದಾಗಲೇ ನಾಲ್ಕಾರು ಸಲ ಬಡಿದುಕೊಂಡಿತ್ತು. ಪ್ರತಿ ಸಲವೂ ಲೋಕೇಶನೇ. "ಬಂದ್ನಾ?" ಎನ್ನುವುದೊಂದೇ ಪ್ರಶ್ನೆ.

ಆ ವರ್ಷ ನವೆಂಬರಿನಲ್ಲಿ ಅಮೆರಿಕದ ಚುನಾವಣೆ ನಡೆದು ಟೀಚರಮ್ಮನ ಕಡೆಯವರು ಸೋತರು. ಲೋಕೇಶ್ ಬೇಕೆಂದೇ ಮೈಸೂರ್ ಪಾಕ್ ತಂದು ಎಲ್ಲರಿಗೂ ಹಂಚಿದ.

"ನಿಮ್ಮೋರು ಸೋತ್ರಲ್ಲಮ್ಮ!"

"ಸೋತ್ರೆ ಆಡಿದ್ ಮಾತು ಸುಳ್ಳಾಯ್ತದೇನೋ?" ಎಂದು ಪಿಳ್ಳಮ್ಮ ಎರಡು ತುಂಡು ತೆಗೆದುಕೊಂಡಳು. ಮುಂದಿನ ವಾರ ರಕ್ಷಿತಾ ಮೆಟ್ಟಿಲಿಳಿದು ಓಡಿ ಬಂದು ಹೇಳಿದಳು: ಅದೇ ಚುನಾವಣೆಯಲ್ಲಿ ಟೀಚರಮ್ಮನ ಆ ಸಣ್ಣ ಊರಿನವರು ಶಾಲೆಯ ಕಂದಾಯ ಏರಿಸಲು ಒಪ್ಪಿದ್ದಾರೆ, ಗಂಟಲು ಕಟ್ಟಿದವನೂ ತಾನು ಆ ಒಂದು ವಿಷಯಕ್ಕೆ ಹೌದು ಎಂದೇ ಓಟು ಹಾಕಿದೆ ಎಂದು ರೇಡಿಯೋದಲ್ಲಿ ಒಪ್ಪಿಕೊಂಡಿದ್ದಾನೆ. ಪಿಳ್ಳಮ್ಮ ಉಳಿದ ಮೈಸೂರ್ ಪಾಕನ್ನು ಡಬ್ಬ ಸಮೇತ ಎತ್ತಿ ಬಾಡಿಗೆಯವರ ಮಕ್ಕಳಿಗೆಲ್ಲ ಹಂಚಿಬಿಟ್ಟಳು.

ಯಮನಪ್ಪನ ಕೇಸು ಎರಡು ಸಾವಿರದ ಇಪ್ಪತ್ತೈದರ ಮಳೆಗಾಲದಲ್ಲಿ ಮುಗಿಯಿತು. ವಾಚ್‌ಮನ್ ಸಾಕ್ಷಿ ಹೇಳುವಾಗ, ಚೀಲ ನೋಡಿದ್ದು ನಿಜ, ಒಳಗೆ ಏನಿತ್ತೆಂದು ನೋಡಿಲ್ಲ ಎಂದ. ಯಮನಪ್ಪನ ಬಳಿ ಯಾವ ವೈರೂ ಸಿಕ್ಕಿರಲಿಲ್ಲ. ಅವನ ಬಿಡುಗಡೆಯಾಯಿತು. ವೈರು ಯಾರು ಒಯ್ದರೆಂಬುದು ಇಂದಿಗೂ ಗೊತ್ತಾಗಿಲ್ಲ.

ಅಷ್ಟರಲ್ಲಿ ಅವನಿಗೆ ಮಾದನಾಯಕನಹಳ್ಳಿಯ ಒಂದು ಗೋದಾಮಿನಲ್ಲಿ ತಿಂಗಳ ಸಂಬಳದ ಕೆಲಸ ಗೊತ್ತಾಗಿತ್ತು. ರೂಮು ಖಾಲಿ ಮಾಡುವ ಹಿಂದಿನ ಭಾನುವಾರ ಚನ್ನಕ್ಕ ಎಲ್ಲರಿಗೂ ಊಟ ಹಾಕಿದಳು. ಅಂಗಳದಲ್ಲಿ ಚಾಪೆ ಹಾಸಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಬಡಿಸಿದಳು. ಲೋಕೇಶ್ ರೊಟ್ಟಿ ಗಟ್ಟಿ ಎಂದು ಗೊಣಗುತ್ತಲೇ ಐದನೆಯದಕ್ಕೆ ಕೈ ಚಾಚಿದ. ಊಟವಾದ ಮೇಲೆ ಯಮನಪ್ಪ ಪಿಳ್ಳಮ್ಮನ ಹತ್ತಿರ ಬಂದು ಕೂತ.

"ಯವ್ವಾ, ಒಂದು ಮಾತು ಕೇಳ್ಲೇನ್ರೀ? ನಾ ಕದ್ದೀನಿ ಅಂತ ನಿಮ್ಗ ಎಂದಾರ ಅನಿಸಿತ್ತೇನು?"

ಪಿಳ್ಳಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ತಲೆಯೆತ್ತಿದಳು. ಚನ್ನಕ್ಕ ರೊಟ್ಟಿಯ ಬುಟ್ಟಿ ಹಿಡಿದು ನಿಂತಲ್ಲೇ ನಿಂತಳು.

"ಅನ್ಸಿತ್ತು. ನಿನ್ನ ಕರ್ಕೊಂಡೋದ ದಿನ ನಿನ್ ಮಂಚದ್ ಕೆಳೀಕೆ ಬಗ್ಗಿ, ಜೋಳದ್ ಚೀಲಕ್ಕೆ ಕೈ ಆಕಿ ನೋಡಿದ್ದೆ."

ಯಮನಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ಅವನ ಹೊಟ್ಟೆಯಿಂದ ನಗು ಉಕ್ಕಿ ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಅಷ್ಟಾದ್ರೂ ಬಂದು ಸಹಿ ಹಾಕಿದ್ರಲ್ರೀ ಯವ್ವಾ!" ಎಂದು ಅವಳ ಕಾಲು ಮುಟ್ಟಲು ಬಗ್ಗಿದ. ಪಿಳ್ಳಮ್ಮ ಅವನ ಬೆನ್ನಿಗೆ ಒಂದು ಗುದ್ದಿ, "ಎದ್ದೇಳ್ಲಾ ಮೇಲೆ" ಎಂದು ಅವನ ಕೈಗೂ ಒಂದು ಎಲೆ ಮಡಿಸಿ ಕೊಟ್ಟಳು.